ಸುಣ್ಣ ಬಳಿಯುವ ಮೊದಲು ಕಪಾಟು ತೆರೆಯಿರಿ

ಅಂಬರನಾಥದಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದ ನೀವು ಈಗ ಊರ ಕಡೆಗೋ ಮಕ್ಕಳಿರುವ ಕಡೆಗೋ ಹೊರಟು ನಿಂತಿದ್ದೀರಿ. ಫ್ಲ್ಯಾಟ್ ಮಾರಬೇಕಾಗಿದೆ. ಹಿಂದೆಂದೂ ಮನೆ ಮಾರಿದವರಲ್ಲ. ಹೀಗಿರುವಾಗ ಮೊದಲು ಹೊಳೆಯುವುದು ಬಣ್ಣ ಹೊಡೆಸುವ ವಿಚಾರ. ದಯವಿಟ್ಟು ಪೇಂಟರನನ್ನು ಈಗಲೇ ಕರೆಯಬೇಡಿ. ಚಹಾ ಕುಡಿದು, ಕಪಾಟಿನ ಮೇಲಿನ ಅರೆಯಲ್ಲಿರುವ, ಮನೆಯ ಕಾಗದಪತ್ರಗಳ ಆ ಹಳೆಯ ಪ್ಲಾಸ್ಟಿಕ್ ಚೀಲವನ್ನು ಕೆಳಗಿಳಿಸಿ.

ಏಕೆಂದರೆ ನಿಮ್ಮ ಮನೆಯನ್ನು ಕೊಳ್ಳುವವರು ಬಹುಮಟ್ಟಿಗೆ ಬ್ಯಾಂಕಿನ ಸಾಲದಿಂದ ಕೊಳ್ಳುತ್ತಾರೆ. ಆ ಬ್ಯಾಂಕಿನ ವಕೀಲರು ನಿಮ್ಮ ಮನೆಗೆ ಕಾಲಿಡುವುದೇ ಇಲ್ಲ. ಗೋಡೆಯ ಬಣ್ಣ ಅವರಿಗೆ ಕಾಣದು. ಕಾಣುವುದು ಕಾಗದ ಮಾತ್ರ. ಅವರು ಒಪ್ಪದಿದ್ದರೆ ಅಮೃತಶಿಲೆ ಹಾಸಿದರೂ ಮಾರಾಟ ನಿಲ್ಲುತ್ತದೆ.

ಇಲ್ಲಿ ಒಂದು ಮೂಲ ಸಂಗತಿಯನ್ನು ನಿಧಾನವಾಗಿ ತಿಳಿದುಕೊಳ್ಳೋಣ. ಕರ್ನಾಟಕದಲ್ಲಿ ಮನೆ ಮಾರುವವರ ಬಾಯಲ್ಲಿ ಬರುವ ಮಾತುಗಳು ಕ್ರಯಪತ್ರ, ಖಾತೆ, ಇ.ಸಿ. ಎಂದು ಕರೆಯುವ ಋಣಭಾರ ಪತ್ರ. ಆ ನೆನಪಿನಲ್ಲಿ ಇಲ್ಲಿ ಖಾತೆ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಕಟ್ಟಡದ ನಿವಾಸಿಗಳೆಲ್ಲ ಸೇರಿ ಒಂದು ಸಹಕಾರಿ ಸಂಘ ಮಾಡಿಕೊಂಡಿರುತ್ತಾರೆ. ಅದೇ ನಾವೆಲ್ಲ ಹೇಳುವ ‘ಸೊಸೈಟಿ’. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ಅದು ನೋಂದಣಿಯಾಗಿರುತ್ತದೆ. ನೀವು ಆ ಸಂಘದ ಸದಸ್ಯರು. ಸಾಮಾನ್ಯವಾಗಿ ತಲಾ 50 ರೂಪಾಯಿಯ ಐದು ಷೇರುಗಳು ನಿಮ್ಮ ಹೆಸರಿನಲ್ಲಿರುತ್ತವೆ. 250 ರೂಪಾಯಿಯ ಆ ಒಂದು ಹಾಳೆಯೇ ಷೇರ್ ಸರ್ಟಿಫಿಕೇಟ್. ನೀವು ಮಾರುವಾಗ ನಾಲ್ಕು ಗೋಡೆಗಳ ಜೊತೆಗೆ ಈ ಸದಸ್ಯತ್ವವೂ ಕೈ ಬದಲಾಗುತ್ತದೆ. ಇದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ಚೀಲದಿಂದ ಷೇರ್ ಸರ್ಟಿಫಿಕೇಟ್ ತೆಗೆದು ಹಿಂಬದಿ ನೋಡಿ. ಅಲ್ಲೊಂದು ಕೋಷ್ಟಕವಿರುತ್ತದೆ. ಮೊದಲ ಮಾಲೀಕರಿಂದ ಎರಡನೆಯವರಿಗೆ, ಅವರಿಂದ ನಿಮಗೆ ಬಂದಿದ್ದರೆ ಆ ಹೆಸರುಗಳು ಸಾಲಾಗಿ ಇರಬೇಕು. ಈಗ ಅಗ್ರಿಮೆಂಟ್‌ಗಳನ್ನು, ಅಂದರೆ ಖರೀದಿ ಕರಾರುಗಳನ್ನು, ಅದೇ ಕ್ರಮದಲ್ಲಿ ಮೇಜಿನ ಮೇಲೆ ಹರಡಿ. ಬಿಲ್ಡರ್ ಮೊದಲನೆಯವರಿಗೆ ಬರೆದುಕೊಟ್ಟದ್ದು ಮೇಲೆ, ನಿಮ್ಮದು ಕೊನೆಗೆ. ಇದಕ್ಕೆ ಇಲ್ಲಿಯವರು ‘ಚೈನ್’ ಎನ್ನುತ್ತಾರೆ. ಸರಪಳಿಯ ಒಂದು ಕೊಂಡಿ ಇಲ್ಲದಿದ್ದರೂ ವಕೀಲರು ಫೈಲು ವಾಪಸು ಕಳಿಸುತ್ತಾರೆ. ಪ್ರತಿ ನೋಂದಾಯಿತ ಕರಾರಿಗೂ ‘ಇಂಡೆಕ್ಸ್ ಟು’ ಎಂಬ ಒಂದು ಪುಟದ ಸಾರಾಂಶ ಇರುತ್ತದೆ. ಯಾರು ಕೊಟ್ಟರು, ಯಾರು ಕೊಂಡರು, ಎಷ್ಟು ಬೆಲೆ, ಎಷ್ಟು ಜಾಗ ಎಂಬುದನ್ನು ನೋಂದಣಿ ಕಚೇರಿ ಅದರಲ್ಲಿ ಬರೆದಿರುತ್ತದೆ. ಮೂಲ ಕರಾರು ಕಳೆದಿದ್ದರೆ ಗಾಬರಿ ಬೇಡ. ಪೊಲೀಸರಲ್ಲಿ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ನೋಂದಣಿ ಕಚೇರಿಯಿಂದ ದೃಢೀಕೃತ ನಕಲು, ಹೀಗೆ ದಾರಿಯಿದೆ. ಆದರೆ ಇದಕ್ಕೆಲ್ಲ ವಾರಗಳು ಬೇಕು. ಗಿರಾಕಿ ಬಾಗಿಲಲ್ಲಿ ನಿಂತ ಮೇಲೆ ಹುಡುಕಿದರೆ ಆತ ಕಾಯುವುದಿಲ್ಲ.

ಎಂಬತ್ತರ ದಶಕದ ಕಟ್ಟಡವಾಗಿದ್ದರೆ ಇನ್ನೊಂದು ವಿಷಯ ನೋಡಬೇಕು. 1985ರ ಡಿಸೆಂಬರ್ 10ರಿಂದ ಮಹಾರಾಷ್ಟ್ರದಲ್ಲಿ ಇಂಥ ಕರಾರುಗಳಿಗೂ ಕ್ರಯಪತ್ರದಂತೆಯೇ ಪೂರ್ತಿ ಮುದ್ರಾಂಕ ಶುಲ್ಕ ಅನ್ವಯವಾಯಿತು. ಅದಕ್ಕೆ ಹಿಂದಿನವು ಕೆಲವೇ ರೂಪಾಯಿಯ ಛಾಪಾ ಕಾಗದದ ಮೇಲೆ ಇರುವುದು ಸಹಜ. ಅದರ ನಂತರದ ತಾರೀಖಿದ್ದೂ ಶುಲ್ಕ ಕಟ್ಟದೆ ಬಿಟ್ಟ ಕರಾರು ನಿಮ್ಮಲ್ಲಿದ್ದರೆ ಅದನ್ನು ಮೊದಲೇ ವಕೀಲರಿಗೆ ತೋರಿಸಿ.

ಇನ್ನು ಮನೆ ತೀರಿಹೋದ ಯಜಮಾನರ ಹೆಸರಿನಲ್ಲೇ ಇರುವ ಸಂದರ್ಭ. ನಮ್ಮ ಕುಟುಂಬಗಳಲ್ಲಿ ಇದು ಬಹಳ. ತಂದೆ ಕಾರ್ಖಾನೆಯಲ್ಲಿ ದುಡಿದು ಕೊಂಡದ್ದು. ನಾಮಿನಿ ಎಂದು ಅಮ್ಮನ ಹೆಸರು. ಒಬ್ಬ ಮಗ ಹುಬ್ಬಳ್ಳಿಯಲ್ಲಿ, ಮಗಳು ಮಸ್ಕತ್ತಿನಲ್ಲಿ. ನಾಮಿನಿ ಎಂದರೆ ವಾರಸುದಾರರು ಸದಸ್ಯರಾಗುವವರೆಗೆ ಸೊಸೈಟಿ ತಾತ್ಕಾಲಿಕ ಸದಸ್ಯರನ್ನಾಗಿ ಸೇರಿಸಿಕೊಳ್ಳುವವರು. ಹಾಗೆಂದು ಉಳಿದ ವಾರಸುದಾರರ ಹಕ್ಕು ಅಲ್ಲಿಗೇ ಅಳಿಯುವುದಿಲ್ಲ. ಆದ್ದರಿಂದ ಬೇರೆ ವಾರಸುದಾರರು ತಮ್ಮ ಪಾಲನ್ನು ಬಿಟ್ಟುಕೊಟ್ಟು ನೋಂದಾಯಿತ ಪತ್ರ ಮಾಡುವುದುಂಟು. ಮರಾಠಿಯಲ್ಲಿ ‘ಹಕ್ಕಸೋಡ ಪತ್ರ’, ನಮ್ಮಲ್ಲಿ ಹಕ್ಕು ಬಿಡುಗಡೆ ಪತ್ರ. ಎಲ್ಲರೂ ಒಟ್ಟಾಗಿ ಮಾರಾಟಕ್ಕೆ ಸಹಿ ಹಾಕುವುದೂ ಸಾಧ್ಯ. ಮಗಳು ರಜೆಗೆ ಬರುವ ದಿನಗಳನ್ನು ಕೇಳಿಟ್ಟುಕೊಳ್ಳಿ. ಮಾರಾಟದ ಪಂಚಾಂಗ ಅಲ್ಲಿಂದ ಶುರುವಾಗುತ್ತದೆ.

ಬಾಕಿ ಕಾಗದಗಳು ಸಣ್ಣವು. ನಗರಪರಿಷತ್ತಿನ ಘರಪಟ್ಟಿ, ಅಂದರೆ ಮನೆ ತೆರಿಗೆಯ ರಸೀದಿ. ಮಹಾವಿತರಣದ ಕರೆಂಟ್ ಬಿಲ್ಲು. ಸೊಸೈಟಿಯಿಂದ ‘ನೋ ಡ್ಯೂಸ್’, ಅಂದರೆ ಬಾಕಿಯಿಲ್ಲ ಎಂಬ ಪತ್ರ. ಮಾರಲು ಸೊಸೈಟಿಯ ಒಪ್ಪಿಗೆ ಪತ್ರ ಕಡ್ಡಾಯವಲ್ಲ ಎಂದು ಸೊಸೈಟಿಗಳ ಮಾದರಿ ಉಪವಿಧಿ, ಅಂದರೆ ಬೈಲಾ, ಹೇಳುತ್ತದೆ. ಆದರೂ ಬ್ಯಾಂಕು ಕೇಳುತ್ತದೆ, ಕೇಳಿ ಪಡೆಯಿರಿ. ವರ್ಗಾವಣೆಗೆ ಸೊಸೈಟಿ ಪ್ರೀಮಿಯಂ ಪಡೆಯಬಹುದು. 2001ರ ಸರ್ಕಾರಿ ಸುತ್ತೋಲೆ ಅದಕ್ಕೆ ಮಿತಿ ಹಾಕಿದೆ: ಮಹಾನಗರಪಾಲಿಕೆಯಲ್ಲಿ 25,000 ರೂಪಾಯಿ, ‘ಅ’ ವರ್ಗದ ನಗರಪರಿಷತ್ತಿನಲ್ಲಿ 20,000. ದೇಣಿಗೆಯ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸೊಸೈಟಿಯ ಲೆಕ್ಕ ಬರೆದ ಅನುಭವದಿಂದ ಹೇಳುತ್ತೇನೆ: ಜಗಳ ಬೇಡ, ಸುತ್ತೋಲೆಯ ಪ್ರತಿಯನ್ನು ಮೇಜಿನ ಮೇಲಿಟ್ಟು ನಗುತ್ತ ಮಾತಾಡಿ.

ಅಂದಹಾಗೆ, ನಮ್ಮ ಅಂಬರನಾಥದ ಶಿವಮಂದಿರದ ಶಾಸನವು ಶಕ 982, ಅಂದರೆ ಕ್ರಿ.ಶ. 1060ರ ಕಾಲವನ್ನೂ ಶಿಲಾಹಾರ ಅರಸನ ಹೆಸರನ್ನೂ ಹೇಳುತ್ತದೆ. ಕಾಗದವನ್ನು ಕಲ್ಲಿನಲ್ಲೇ ಕೊರೆದಿಟ್ಟವರಿಗೆ ಜೆರಾಕ್ಸಿನ ಚಿಂತೆಯಿರಲಿಲ್ಲ.

ಈಗ ಮನೆಯತ್ತ ತಿರುಗೋಣ. ಇಲ್ಲಿ ಮುಖ್ಯ ಶತ್ರು ಒಂದೇ: ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಹಳೆಯ ಗೋಡೆಗಳು ಕುಡಿಯುತ್ತವೆ. ಇಟ್ಟಿಗೆ, ಸಿಮೆಂಟಿನೊಳಗಿನ ಲವಣವನ್ನು ನೀರು ಕರಗಿಸಿ ಹೊರಕ್ಕೆ ತರುತ್ತದೆ; ನೀರು ಆರಿದಾಗ ಬಿಳಿ ಪುಡಿ ಉಳಿಯುತ್ತದೆ; ಅದೇ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಆ ಗುಟ್ಟು ಮುಂದಿನ ಮಳೆಯವರೆಗೆ ಮಾತ್ರ.

ಮಳೆಗಾಲದಲ್ಲಿ ಮನೆ ತೋರಿಸಬೇಡಿ ಎನ್ನುವ ದಲ್ಲಾಳಿಗಳಿದ್ದಾರೆ. ತೋರಿಸಬೇಡಿ, ಸರಿ, ಆದರೆ ನೀವು ನೋಡಿ. ಜುಲೈ ತಿಂಗಳಲ್ಲಿ ಪೆನ್ಸಿಲ್ ಹಿಡಿದು ಪ್ರತಿ ಕೋಣೆ ಸುತ್ತಿ, ಒದ್ದೆ ಕಲೆಯ ಅಂಚಿಗೆ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಬಂದಾಗ ಬೆಳೆದು, ಮಳೆ ನಿಂತಾಗ ಒಣಗುವ ಕಲೆ ಹೊರಗೋಡೆಯದೋ ತಾರಸಿಯದೋ ಆಗಿರುತ್ತದೆ. ಬೇಸಿಗೆಯಲ್ಲೂ ಹಾಗೇ ಇರುವ ಕಲೆ ಮೇಲಿನ ಮನೆಯ ಬಚ್ಚಲಿನಿಂದ ಬಂದಿರಬಹುದು. ಅಲ್ಲಿ ‘ನಹಾಣಿ ಟ್ರ್ಯಾಪ್’, ಅಂದರೆ ಬಚ್ಚಲಿನ ನೀರು ಇಳಿಯುವ ಬಾಯಿಯ ಸುತ್ತ, ಸಂದು ಬಿಟ್ಟಿರುವುದು ಸಾಮಾನ್ಯ. ಗೋಡೆಯೇ ಒದ್ದೆಯೋ ಕೋಣೆಯ ಗಾಳಿ ತೇವವೋ ಎಂಬ ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹನಿಗಳು ಹಾಳೆಯ ಒಳಬದಿಯಲ್ಲಿದ್ದರೆ ನೀರು ಗೋಡೆಯದು. ಹೊರಬದಿಯಲ್ಲಿದ್ದರೆ ಗಾಳಿಯದು, ಕಿಟಕಿ ತೆರೆದಿಟ್ಟರೆ ಸಾಕು.

ರಿಪೇರಿ ಯಾರದ್ದು? ಮಾದರಿ ಉಪವಿಧಿಗಳ ಪ್ರಕಾರ ತಾರಸಿ ಮತ್ತು ಹೊರಗೋಡೆಯ ಸೋರಿಕೆ ಸೊಸೈಟಿಯ ಹೊಣೆ. ಬಚ್ಚಲು, ಸಿಂಕುಗಳದ್ದು ಆಯಾ ಸದಸ್ಯರ ಹೊಣೆ. ಪತ್ರ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ‘ಪೋಚ್’ ಪಡೆಯಿರಿ. ಮುಟ್ಟಿದೆ ಎಂಬ ಸಹಿ ಮತ್ತು ಮುದ್ರೆಗೆ ಇಲ್ಲಿ ಹಾಗೆನ್ನುತ್ತಾರೆ. ನೀರು ಒಳನುಗ್ಗುವ ಕಡೆಯಿಂದ, ಅಂದರೆ ಹೊರಗಿನಿಂದಲೇ, ದುರಸ್ತಿಯಾಗಬೇಕು. ದೀಪಾವಳಿ ಕಳೆದು ಗೋಡೆ ಪೂರ್ತಿ ಒಣಗಿದ ಮೇಲೆ ಒಳಗೆ ಬಣ್ಣ. ಯುಗಾದಿ, ಇಲ್ಲಿಯವರ ಗುಡಿಪಾಡವಾ, ಹತ್ತಿರ ಬರುವಾಗ ಮನೆ ತೋರಿಸಲು ಸಿದ್ಧ. ಪಿತೃಪಕ್ಷದ ಹದಿನೈದು ದಿನ ಮಾತ್ರ ಯಾರನ್ನೂ ನಿರೀಕ್ಷಿಸಬೇಡಿ. ಅನೇಕರು ಆಗ ಹೊಸ ಮನೆಯ ಮಾತೆತ್ತುವುದಿಲ್ಲ.

ಅಳತೆಯನ್ನು ನೀವೇ ಟೇಪು ಹಿಡಿದು ತೆಗೆದಿಟ್ಟುಕೊಳ್ಳಿ. ಹಳೆಯ ಕರಾರುಗಳಲ್ಲಿ ಗೋಡೆಯ ದಪ್ಪವೂ ಸೇರಿದ ‘ಬಿಲ್ಟ್ ಅಪ್’ ಅಳತೆ ಇರುವುದುಂಟು. ಈಗ ಕೇಳುವುದು ‘ಕಾರ್ಪೆಟ್ ಏರಿಯಾ’. 2016ರ ರೇರಾ ಕಾಯ್ದೆಯ ಪ್ರಕಾರ ಅದು ಹೊರಗೋಡೆ, ಬಾಲ್ಕನಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ, ಬಳಸಲು ಸಿಗುವ ನೆಲ. ಎರಡನ್ನೂ ಬರೆದಿಟ್ಟರೆ ಚೌಕಾಸಿಯಲ್ಲಿ ಗೊಂದಲವಿಲ್ಲ.

ಮನೆ ನೋಡಲು ಜನ ಬಂದ ದಿನ ವಿಶೇಷವೇನೂ ಬೇಡ. ನೆಲ ಒರೆಸಿ, ಕಿಟಕಿ ತೆರೆದು, ಅರ್ಧ ಸಾಮಾನು ಕಣ್ಣಿಂದ ದೂರವಿಡಿ. ಹಿಂದೆ ಸೋರಿದ್ದ ಜಾಗವನ್ನು ನೀವೇ ತೋರಿಸಿ, ದುರಸ್ತಿಯ ರಸೀದಿಯನ್ನೂ ಕೊಡಿ. ನಾನು ಕಂಡಂತೆ, ತಾವು ಕೇಳುವ ಮೊದಲೇ ಕುಂದು ಹೇಳಿದವರ ಮಾತನ್ನು ಕೊಳ್ಳುವವರು ಉಳಿದ ವಿಷಯಗಳಲ್ಲೂ ನಂಬುತ್ತಾರೆ.

ತೆರಿಗೆಯ ಲೆಕ್ಕಕ್ಕೆ ಒಬ್ಬ ಸಿ.ಎ. ಇರಲಿ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭ ದೀರ್ಘಾವಧಿ ಬಂಡವಾಳ ಲಾಭ ಎನಿಸುತ್ತದೆ. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅದಕ್ಕೆ ವಿನಾಯಿತಿಯುಂಟು. ಊರಲ್ಲಿ ಮನೆ ಕೊಳ್ಳುವ ಯೋಚನೆಯಿದ್ದರೆ ಇದನ್ನು ಮೊದಲೇ ಹೇಳಿಬಿಡಿ.

ನೋಂದಣಿ ಮುಗಿದು, ಹಣ ಬಂದು, ಬೀಗದ ಕೈ ಕೊಟ್ಟ ಮೇಲೆ ಸೊಸೈಟಿಯ ಸಭೆಯಲ್ಲಿ ವರ್ಗಾವಣೆ ಮಂಜೂರಾಗುತ್ತದೆ. ಆಗ ಆ ಷೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಹೊಸ ಹೆಸರೊಂದನ್ನು ಬರೆಯುತ್ತಾರೆ. ಹಾಳೆ ಅವರಿಗೆ ಹೋಗುತ್ತದೆ. ಎರಡೂ ಬದಿಯ ಜೆರಾಕ್ಸ್ ನೀವಿಟ್ಟುಕೊಳ್ಳಿ.