ವರದಿ ಸರಿಯಿದ್ದರೆ ರೋಗವಿಲ್ಲವೆಂದೇ?

ಒಬ್ಬನ ಕಾಲು ಇದ್ದಕ್ಕಿದ್ದಂತೆ ಏಳದಾಗುತ್ತದೆ. ಆಸ್ಪತ್ರೆಯಲ್ಲಿ ಮೆದುಳಿನ ಸ್ಕ್ಯಾನ್ ತೆಗೆಯುತ್ತಾರೆ, ದೋಷವೇನೂ ಕಾಣುವುದಿಲ್ಲ. ಕೂಡಲೇ ಖೋಲಿಯ ಜೊತೆಗಾರರು "ರಜೆಗಾಗಿ ನಾಟಕ" ಎನ್ನುತ್ತಾರೆ. ಊರಿನವರು ದೆವ್ವ ಮೆಟ್ಟಿತೆನ್ನುತ್ತಾರೆ. ಹೀಗೆ ಹೇಳುವ ಮುನ್ನ ತಿಳಿಯಬೇಕಾದ ಸಂಗತಿಯೊಂದಿದೆ.

ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದ ಈ ಬೇನೆಯನ್ನು ವೈದ್ಯರು ಈಗ ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್ ಎಂದು ಕರೆಯುತ್ತಾರೆ. ಇದರಲ್ಲಿ ನರ ಕಡಿದಿರುವುದಿಲ್ಲ. ಮೆದುಳು ಅಂಗಗಳನ್ನು ನಡೆಸುವ ಕ್ರಮ ತಪ್ಪಿರುತ್ತದೆ. ರೋಗಿ ಬೇಕೆಂದು ಮಾಡುವುದಲ್ಲ. ಕಾಲು ಸೋಲುವುದು, ಕೈ ನಡುಗುವುದು, ಮೂರ್ಛೆಯಂತೆ ಬೀಳುವುದು, ಮಾತು ನಿಲ್ಲುವುದು ಇದರ ರೂಪಗಳು.

ಇದನ್ನು ಗುರುತಿಸುವುದು ಹೇಗೆ? ಅಮೆರಿಕದ ಡಾ. ಹೂವರ್ ಎಂಬವರು 1908ರಲ್ಲಿ ಒಂದು ಪರೀಕ್ಷೆಯನ್ನು ವಿವರಿಸಿದರು. ಸೋತ ಕಾಲಿನ ಹಿಮ್ಮಡಿಯನ್ನು ಕೆಳಕ್ಕೆ ಒತ್ತೆಂದರೆ ರೋಗಿಗೆ ಆಗುವುದಿಲ್ಲ. ಆದರೆ ಒಳ್ಳೆಯ ಕಾಲನ್ನು, ವೈದ್ಯರು ತಡೆಹಿಡಿದಿರುವಾಗ, ಮೇಲೆತ್ತೆಂದರೆ ಸೋತ ಹಿಮ್ಮಡಿ ತಾನಾಗಿ ಬಲವಾಗಿ ಕೆಳಕ್ಕೆ ಒತ್ತುತ್ತದೆ. ಅಂದರೆ ಬಲ ಉಂಟು, ಬೇಕೆಂದಾಗ ಒದಗುತ್ತಿಲ್ಲ. ಕೈ ನಡುಕವಿದ್ದವನಿಗೆ ಇನ್ನೊಂದು ಕೈಯಿಂದ ತಾಳ ಹಾಕಲು ಹೇಳುತ್ತಾರೆ. ನಡುಕ ನಿಲ್ಲಬಹುದು, ಇಲ್ಲವೆ ತಾಳಕ್ಕೆ ಹೊಂದಿಕೊಳ್ಳಬಹುದು.

ಇವು ಕಳ್ಳನನ್ನು ಹಿಡಿಯುವ ಉಪಾಯಗಳಲ್ಲ. ತಿಳಿದ ವೈದ್ಯರು ಈ ಲಕ್ಷಣವನ್ನು ರೋಗಿಗೇ ತೋರಿಸಿ, "ನೋಡಿ, ದಾರಿ ಮುಚ್ಚಿಲ್ಲ, ಗುಣವಾಗಬಹುದು" ಎಂದು ಧೈರ್ಯ ಹೇಳುತ್ತಾರೆ. ಒಂದೇ ಲಕ್ಷಣದಿಂದ ತೀರ್ಮಾನಿಸುವಂತೆಯೂ ಇಲ್ಲ. ಒಬ್ಬನಿಗೇ ಈ ಬೇನೆಯೂ ಬೇರೆ ನರರೋಗವೂ ಇರಬಹುದು. ಮನಸ್ಸಿಗೆ ಆಘಾತವಾಗಿರಲೇಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಬಿಟ್ಟಿತು. ಆದ್ದರಿಂದ "ನಿನಗೇನು ಚಿಂತೆ?" ಎಂದು ಕೆದಕುವುದರಿಂದ ರೋಗ ನಿರ್ಣಯವಾಗದು.

ಇದಕ್ಕೆ ಚಿಕಿತ್ಸೆ ಉಂಟು. ರೋಗವನ್ನು ಬಿಡಿಸಿ ಹೇಳುವುದು, ತಕ್ಕ ಅಂಗಸಾಧನೆ, ಕೆಲವರಿಗೆ ಮನೋಚಿಕಿತ್ಸೆ. ಎಲ್ಲರೂ ಪೂರ್ತಿ ಗುಣವಾಗುವುದಿಲ್ಲ. ಆದರೆ ಬೇಗ ಗುರುತಿಸಿದಷ್ಟೂ ಒಳಿತು.

ಕೊನೆಯದಾಗಿ ಒಂದು ಎಚ್ಚರಿಕೆ. ಮುಖ ಸೊಟ್ಟಗಾಗಿ, ಕೈ ಜೋತು, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ರಕ್ತದ ಗಡ್ಡೆ ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಖೋಲಿಯಲ್ಲಿ ಕುಳಿತು ನಾವೇ ರೋಗಕ್ಕೆ ಹೆಸರಿಡದೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ವರದಿ ಸರಿಯಿದೆಯೆಂದು ಬಂದರೆ ಜೊತೆಗಾರನನ್ನು ಹಂಗಿಸದೆ, ನರರೋಗ ತಜ್ಞರ ಬಳಿಗೂ ಕರೆದೊಯ್ಯಬೇಕು.