ಗೇಮ್‌ನಲ್ಲಿ ಸ್ಕೋರ್ ಏರಿತು, ಗುಳಿಗೆ ನೆನಪಾಯಿತೇ?

ಅರವತ್ತಕ್ಕೆ ಅರಳು ಮರಳು ಅಂತ ಎಷ್ಟು ಸಲೀಸಾಗಿ ಅಂದುಬಿಡ್ತೀವಿ ನಾವು! ಅಜ್ಜ ಒಂದೇ ಪ್ರಶ್ನೆ ನಾಲ್ಕು ಸಲ ಕೇಳಿದರೆ, ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ "ವಯಸ್ಸಾತು ಬಿಡ್ರಿ" ಅಂತ ಮಾತು ಮುಗಿಸ್ತೀವಿ. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು ನೋಡಿ: ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಗರಗಳಲ್ಲಿ ಶೇ. 5.3 ಇದ್ದರೆ ಹಳ್ಳಿಗಳಲ್ಲಿ ಶೇ. 8.4. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬಂದವರಿಗೆ ಇದು ದೂರದ ಸುದ್ದಿ ಅಲ್ಲ, ಮನೆ ಪಡಸಾಲೆಯ ವಿಷಯ.

ಎಂಜಿನಿಯರಿಂಗ್ ಓದುವವರ ತಲೆಗೆ ಮೊದಲು ಬರೋದು ಒಂದೇ: ಆ್ಯಪ್ ಮಾಡೋಣ, ಆಟ ಆಡಿಸಿ ಮೆದುಳು ಚುರುಕು ಮಾಡೋಣ. ಈ ಯೋಚನೆ ಹಳೆಯದು. ಇದನ್ನ ಕಾಗ್ನಿಟಿವ್ ಟ್ರೈನಿಂಗ್ ಅಂತಾರೆ. ನೆನಪು, ಗಮನ, ವೇಗ ಇವುಗಳಲ್ಲಿ ಒಂದನ್ನ ಹಿಡಿದು ಮತ್ತೆ ಮತ್ತೆ ಅಭ್ಯಾಸ ಮಾಡಿಸೋದು. ಉತ್ತರ ಸರಿ ಬಂದರೆ ಕಂಪ್ಯೂಟರ್ ಲೆವೆಲ್ ಏರಿಸುತ್ತೆ, ತಪ್ಪಿದರೆ ಇಳಿಸುತ್ತೆ. ತೀರಾ ಸುಲಭವೂ ಅಲ್ಲ, ಸೋತು ಬೇಸರ ಆಗುವಷ್ಟು ಕಷ್ಟವೂ ಅಲ್ಲ.

ಕೆಲಸ ಮಾಡುತ್ತಾ? ಇದಕ್ಕೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ಅಮೆರಿಕದ ಆ್ಯಕ್ಟಿವ್. ಡಿಮೆನ್ಷಿಯಾ ಇಲ್ಲದ, 65 ದಾಟಿದ 2,832 ಜನ ಅದರಲ್ಲಿದ್ದರು. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ಕಂಪ್ಯೂಟರ್ ಮೇಲೆ ವೇಗದ್ದು, ನಾಲ್ಕನೆಯದಕ್ಕೆ ಏನೂ ಇಲ್ಲ. ಸುಮಾರು 10 ತರಗತಿ ಆದ ಮೇಲೆ ನೆನಪು ಕಲಿತವರು ನೆನಪಿನ ಪರೀಕ್ಷೆಯಲ್ಲಿ, ತರ್ಕ ಕಲಿತವರು ತರ್ಕದಲ್ಲಿ, ವೇಗ ಕಲಿತವರು ವೇಗದಲ್ಲಿ ಮುಂದೆ ಬಂದರು. ಒಂದರ ಲಾಭ ಇನ್ನೊಂದರ ಪರೀಕ್ಷೆಗೆ ದಾಟಲಿಲ್ಲ.

ಇದು ನಮಗೆ ಚೆನ್ನಾಗಿ ಗೊತ್ತಿರುವ ರೋಗವೇ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ, ಹೊಸ ಪ್ರಶ್ನೆ ಬಂದಾಗ ಮೇಲೆ ಫ್ಯಾನ್ ನೋಡ್ತಾ ಕೂರ್ತೀವಲ್ಲ, ಅದು. ಮಷೀನ್ ಲರ್ನಿಂಗ್ ಭಾಷೆಯಲ್ಲಿ ಓವರ್‌ಫಿಟ್ಟಿಂಗ್. ಗೇಮ್ ಸ್ಕೋರ್ ಅನ್ನೋದು ಟ್ರೈನಿಂಗ್ ಡೇಟಾ ಮೇಲಿನ ಅಂಕ. ಬೆಳಗಿನ ಗುಳಿಗೆ ತಗೊಂಡಿದ್ದೀನೋ ಇಲ್ಲವೋ ಅನ್ನೋದು ಟೆಸ್ಟ್ ಡೇಟಾ. ಈ ಎರಡನ್ನೂ ಒಂದೇ ಅಂತ ಜಾಹೀರಾತು ಕೊಟ್ಟಿದ್ದಕ್ಕೆ ಲುಮಾಸಿಟಿ ಅನ್ನೋ ಆಟದ ಕಂಪನಿ 2016ರಲ್ಲಿ ಅಮೆರಿಕ ಸರ್ಕಾರಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಈಗಾಗಲೇ ಡಿಮೆನ್ಷಿಯಾ ಇರುವವರ ಕತೆ ಏನು? 2019ರ ಕಾಕ್ರೇನ್ ವಿಮರ್ಶೆ ಇಂಥ 33 ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡಿತು. ತರಬೇತಿ ಮುಗಿದಾಗ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಸಣ್ಣದರಿಂದ ಮಧ್ಯಮ ಮಟ್ಟದ ಸುಧಾರಣೆ ಕಂಡಿತು. ಆದರೆ ಬೇರೆ ಯಾವುದೋ ಚಟುವಟಿಕೆ ಮಾಡಿದವರ ಜೊತೆ ಹೋಲಿಸಿದರೆ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಪೂರ್ತಿ ಸೊನ್ನೆ ಅಲ್ಲ, ಆದರೆ "ನೆನಪು ವಾಪಸ್ ಬರುತ್ತೆ" ಅಂತ ಪೋಸ್ಟರ್ ಹಚ್ಚುವ ಹಾಗೂ ಇಲ್ಲ.

ಹಾಗಾದರೆ ಕಲಿತದ್ದು ಬೇರೆ ಕೆಲಸಕ್ಕೆ ದಾಟಲ್ಲ ಅಂತಾದರೆ, ಬೇಕಾದ ಕೆಲಸವನ್ನೇ ನೇರವಾಗಿ ಕಲಿಸಬಾರದೇಕೆ? ಬ್ರಿಟನ್ನಿನ ಗ್ರೇಟ್ ಪ್ರಯೋಗ ಮಾಡಿದ್ದು ಇದನ್ನೇ. ಆರಂಭದ ಹಂತದ ಡಿಮೆನ್ಷಿಯಾ ಇದ್ದ 475 ಜನ ಅದರಲ್ಲಿದ್ದರು. ತರಬೇತಿಯ ಗುಂಪಿನವರು ತಮಗೆ ಬೇಕಾದ ಗುರಿಗಳನ್ನ ತಾವೇ ಹೇಳಿದರು, ತರಬೇತಿದಾರರು ಮನೆಗೇ ಬಂದು ಅದನ್ನ ಅಭ್ಯಾಸ ಮಾಡಿಸಿದರು. ಆ ಗುರಿಗಳಲ್ಲಿ ಅವರು ನಿಜವಾಗಿ ಮುಂದೆ ಹೋದರು, ಒಂಬತ್ತನೇ ತಿಂಗಳಲ್ಲೂ ಅದು ಉಳಿದಿತ್ತು. ನೆನಪಿನ ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ. ನಮಗೆ ತುಂಬಾ ಹಿಡಿಸಿದ ಫಲಿತಾಂಶ ಇದು. ಗುಳಿಗೆ ಡಬ್ಬಿಯ ಜಾಗಕ್ಕೆ ಅಜ್ಜ ಓವರ್‌ಫಿಟ್ ಆದರೆ ನಷ್ಟ ಏನಿದೆ?

ಅಲ್ಲಿ ಕಂಪ್ಯೂಟರ್ ಇರಲಿಲ್ಲ, ನಿಜ. ಆದರೆ ಇಂಥ ಅಭ್ಯಾಸಕ್ಕೆ ಬಳಸುವ ಒಂದು ವಿಧಾನ ಕೋಡ್ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ. ಹೆಸರು ಸ್ಪೇಸ್ಡ್ ರಿಟ್ರೀವಲ್. "ಡಬ್ಬಿ ದೇವರ ಮಾಡದ ಕೆಳಗ ಐತಿ" ಅಂತ ಹೇಳಿ, 30 ಸೆಕೆಂಡ್ ಬಿಟ್ಟು ಕೇಳಬೇಕು. ಸರಿ ಹೇಳಿದರೆ ಅಂತರ ದುಪ್ಪಟ್ಟು: 1 ನಿಮಿಷ, 2, 4, 8. ತಪ್ಪಿದರೆ ಊಹೆ ಮಾಡೋಕೆ ಬಿಡಬಾರದು. ತಕ್ಷಣ ಉತ್ತರ ಹೇಳಿ, ಅವರಿಂದಲೂ ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ಇಳಿಯಬೇಕು. ಯಾಕಂದರೆ ತಪ್ಪು ಉತ್ತರವೂ ನೆನಪಲ್ಲಿ ಕೂತುಬಿಡಬಹುದು. ನಡುವಿನ ಸಮಯದಲ್ಲಿ ಕಾಳು ಹಸನು ಮಾಡಲಿ, ಹರಟೆ ಹೊಡೆಯಲಿ. ಒಂದು ಟೈಮರ್, ಒಂದು ಲೂಪ್, ಎರಡು ಇಫ್. ಫಸ್ಟ್ ಸೆಮಿಸ್ಟರ್ ಸಿ ಲ್ಯಾಬ್‌ಗಿಂತ ಕಷ್ಟ ಇಲ್ಲ!

ಕಷ್ಟ ಇರೋದು ಪರದೆಯ ಮೇಲೆ. ಹಳ್ಳಿಯ ಹಿರಿಯರಿಗೆ ಟಚ್‌ಸ್ಕ್ರೀನ್ ಆಗಲ್ಲ ಅನ್ನೋದು ನಮ್ಮ ಅಹಂಕಾರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರನ್ನ ವರ್ಷಗಟ್ಟಲೆ ಅಧ್ಯಯನ ಮಾಡ್ತಾ ಇದೆ. ಅಲ್ಲಿ ಕಾಗ್ನಿಟೊ ಅನ್ನೋ ಕಂಪ್ಯೂಟರ್ ಪರೀಕ್ಷೆ ನಡೆಯೋದು ಕನ್ನಡದಲ್ಲೇ. ಅದು ತರಬೇತಿ ಅಲ್ಲ, ಪರೀಕ್ಷೆ, ಆದರೂ ದಾರಿ ಇದೆ ಅಂತ ತೋರಿಸುತ್ತೆ. ಅಕ್ಷರ ಬಾರದ ಅಜ್ಜಿಗೆ ಸ್ಟ್ರಾಬೆರಿ ಚಿತ್ರ ತೋರಿಸಿ "ಇದೇನು" ಅಂದರೆ ಸೋಲೋದು ನಮ್ಮ ಆ್ಯಪ್, ಅವರ ಮೆದುಳಲ್ಲ. ಕೂರಿಗಿ, ಕುಂಟಿ, ಜೋಳದ ತೆನೆ, ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನ ತೋರಿಸಿ. ದನಿಯೂ ಇಲ್ಲಿಯದೇ ಇರಲಿ: "ಅಜ್ಜಾರ, ಗುಳಿಗಿ ಡಬ್ಬಿ ಎಲ್ಲಿ ಐತ್ರಿ?" ಇದರಿಂದ ಚಿಕಿತ್ಸೆಯ ಬಲ ಹೆಚ್ಚುತ್ತೆ ಅಂತ ನಾವು ಹೇಳ್ತಿಲ್ಲ. ಪ್ರಶ್ನೆ ಅರ್ಥ ಆಗುತ್ತೆ, ಅಷ್ಟೇ.

ಆ್ಯಪ್‌ಗಿಂತ ಮೊದಲು ಡಾಕ್ಟರ್. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವೂ ಮರೆವಿನ ವೇಷದಲ್ಲಿ ಬರ್ತಾವೆ, ಇವಕ್ಕೆ ಚಿಕಿತ್ಸೆ ಇದೆ. ಕಿವಿ ಮಂದ ಇದ್ದರೆ, ಕಣ್ಣಿಗೆ ಪೊರೆ ಬಂದಿದ್ದರೆ ಯಾವ ಗೇಮೂ ಉಪಯೋಗ ಇಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಹೋಗೋಕೆ ಮುಂಚೆ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು.

ಮಿನಿ ಪ್ರಾಜೆಕ್ಟ್‌ಗೆ ಇದನ್ನ ಆರಿಸುವವರು ಕೋಡ್ ಬರೆಯೋ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಕೆಲಸ ಸುಧಾರಿಸಬೇಕು, ಅದನ್ನ ಅಳೆಯೋರು ಯಾರು. ಅಳೆಯೋರು ಆ್ಯಪ್ ಮಾಡಿದವರಾಗಿರಬಾರದು. ರೋಗಿಗಳ ಮೇಲೆ ಪ್ರಯೋಗ ಅಂದರೆ ಎಥಿಕ್ಸ್ ಕಮಿಟಿ ಅನುಮತಿಯೂ ಬೇಕು. ಸದ್ಯಕ್ಕೆ ಅನುಮತಿ ಬೇಡದ ಕೆಲಸ ಒಂದಿದೆ, ಚಿತ್ರ ಮತ್ತು ಪದಗಳ ಪಟ್ಟಿ. ಕುಂದಗೋಳ, ಅಣ್ಣಿಗೇರಿ ಕಡೆಯವರು ರಜೆಗೆ ಊರಿಗೆ ಹೋದಾಗ ಅಡುಗೆಮನೆಯ, ಹೊಲದ ಸಾಮಾನಿನ ಫೋಟೊ ತೆಗೆದು, ಮನೆಯ ಹಿರಿಯರು ಅದನ್ನ ಏನಂತ ಕರೀತಾರೋ ಹಾಗೇ ಬರೆದು ತನ್ನಿ.