ಜಪಸರದ ತೋಟ: ಶುಭಸಂದೇಶದ ಪ್ರತೀಕಗಳು ಮತ್ತು ಕಥೋಲಿಕ ಧ್ಯಾನ

1

ಒಂದೇ ಮಾತನ್ನು ಮತ್ತೆ ಮತ್ತೆ ನುಡಿಯುವುದು ಪ್ರಾರ್ಥನೆಯಾಗಬಲ್ಲುದೆ ಎಂಬ ಪ್ರಶ್ನೆ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಹೊಸದಲ್ಲ. ಕೈಯಲ್ಲಿ ಮಣಿ ಉರುಳುತ್ತಿರುವಾಗ ಮನಸ್ಸು ಎಲ್ಲಿರುತ್ತದೆ ಎಂಬ ಅನುಮಾನವನ್ನು 12ನೆಯ ಶತಮಾನದ ಶರಣರೂ ಅನಂತರದ ಹರಿದಾಸರೂ ತಮ್ಮ ತಮ್ಮ ರೀತಿಯಲ್ಲಿ ಎತ್ತಿದ್ದಾರೆ. ಕ್ರೈಸ್ತ ಪರಂಪರೆಯಲ್ಲಿ ಈ ಅನುಮಾನ ಮೂಲಗ್ರಂಥದಲ್ಲಿಯೇ ಇದೆ. ಮಾತು ಹೆಚ್ಚಿದಷ್ಟೂ ದೇವರು ಕಿವಿಗೊಡುತ್ತಾನೆಂದು ಭಾವಿಸಿ ಬರಿದೆ ಬಡಬಡಿಸಬಾರದೆಂದು ಯೇಸು ಶಿಷ್ಯರನ್ನು ಎಚ್ಚರಿಸುವ ಪ್ರಸಂಗ ಮತ್ತಾಯನ ಶುಭಸಂದೇಶದಲ್ಲಿದೆ (6:7). ಹೀಗಿದ್ದೂ ಒಂದೇ ವಂದನೆಯನ್ನು ಐವತ್ತು ಸಲ ನುಡಿಯುವ ಜಪಸರವು ಕಥೋಲಿಕರ ಮನೆಮನೆಯ ಪ್ರಾರ್ಥನೆಯಾಗಿ ನೆಲೆಗೊಂಡಿದೆ. ಈ ವಿರೋಧವನ್ನು ವಿರೋಧಾಭಾಸವೆಂದು ತೋರಿಸಲು ಸಾಧ್ಯವೆ? ಜಪಸರದ ಒಂದು ಘಟ್ಟವನ್ನು ಸೂಕ್ಷ್ಮವಾಗಿ ಓದಿದಲ್ಲಿ ಉತ್ತರದ ಜಾಡು ದೊರೆಯುತ್ತದೆ.

2

ಈ ಪ್ರಾರ್ಥನೆಗೆ ಇರುವ ಹೆಸರುಗಳೇ ಅದರ ಬೇರೆ ಬೇರೆ ಮುಖಗಳನ್ನು ಸೂಚಿಸುತ್ತವೆ. ಲ್ಯಾಟಿನ್ನಿನ ‘ರೊಸಾರಿಯುಮ್’ ಎಂದರೆ ಗುಲಾಬಿಯ ತೋಟ. ಮಂಗಳೂರಿನ ಕೊಂಕಣಿ ಕಥೋಲಿಕರು ಬಳಸುವ ‘ತೇರ್ಸ್’ ಎಂಬ ಪದ ಪೋರ್ಚುಗೀಸಿನಿಂದ ಬಂದುದು. ಅದರ ಅರ್ಥ ಮೂರನೆಯ ಒಂದು ಭಾಗ. ನೂರೈವತ್ತು ಕೀರ್ತನೆಗಳಿಗೆ ಸಂವಾದಿಯಾಗಿ ನೂರೈವತ್ತು ಮರಿಯವಂದನೆಗಳು, ಅದರ ಮೂರನೆಯ ಒಂದು ಪಾಲೇ ಐವತ್ತು ಎಂಬ ಲೆಕ್ಕ ಇಲ್ಲಿದೆ. ಕನ್ನಡದ ‘ಜಪಸರ’ವಾದರೋ ಜಪವನ್ನೂ ಮಣಿಗಳ ಸರವನ್ನೂ ಮುಂದಿಡುತ್ತದೆ. ಹೊರಗಿನಿಂದ ನೋಡುವವನಿಗೆ ಕಾಣುವುದು ಈ ಸರ ಮಾತ್ರ, ತೋಟ ಕಾಣುವುದಿಲ್ಲ.

15ನೆಯ ಶತಮಾನದ ಆರಂಭದಲ್ಲಿ ಪ್ರಶ್ಯದ ಡೊಮಿನಿಕ್ ಎಂಬ ಕಾರ್ಥೂಸಿಯನ್ ಸನ್ಯಾಸಿ ಐವತ್ತು ವಂದನೆಗಳಲ್ಲಿ ಪ್ರತಿಯೊಂದಕ್ಕೂ ಕ್ರಿಸ್ತನ ಜೀವನದ ಒಂದೊಂದು ಸಂಗತಿಯನ್ನು ಜೋಡಿಸಿದನು. 1569ರಲ್ಲಿ ಐದನೆಯ ಪಿಯುಸ್ ಜಗದ್ಗುರುಗಳು ಈ ಪ್ರಾರ್ಥನೆಗೆ ಅಧಿಕೃತ ಮನ್ನಣೆ ನೀಡಿದರು. ಸಂತೋಷ, ದುಃಖ, ಮಹಿಮೆ ಎಂಬ ಮೂರು ಗುಂಪುಗಳ ಹದಿನೈದು ದೇವರಹಸ್ಯಗಳಿಗೆ 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಪ್ರತಿಯೊಂದು ರಹಸ್ಯಕ್ಕೂ ಕ್ರಿಸ್ತನು ಕಲಿಸಿದ ಪ್ರಾರ್ಥನೆ ಒಂದು ಸಲ, ಮರಿಯವಂದನೆ ಹತ್ತು ಸಲ, ಕೊನೆಗೆ ತ್ರಿತ್ವದ ಸ್ತುತಿ. ಇದು ಅದರ ಬಂಧ. ನಾಲಗೆ ಈ ಮಾತುಗಳನ್ನು ನುಡಿಯುತ್ತಿರುವಾಗ ಮನಸ್ಸು ಶುಭಸಂದೇಶದ ಒಂದು ಚಿತ್ರದಲ್ಲಿ ನೆಲಸಿರಬೇಕು. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹವೆಂಬ ಅರ್ಥದ ಮಾತನ್ನು ಆರನೆಯ ಪಾಲ್ ಜಗದ್ಗುರುಗಳು 1974ರಲ್ಲಿ ಆಡಿದುದು ಇದೇ ಕಾರಣದಿಂದ.

3

ದುಃಖದ ರಹಸ್ಯಗಳಲ್ಲಿ ಮೊದಲನೆಯದು ತೋಟದಲ್ಲಿ ಯೇಸು ಪಟ್ಟ ಯಾತನೆ. ಈ ಶೀರ್ಷಿಕೆಯೇ ಒಂದು ವ್ಯಾಖ್ಯಾನವೆಂಬುದು ಗಮನಾರ್ಹ. ಮತ್ತಾಯ ಮತ್ತು ಮಾರ್ಕರು ಗೆತ್ಸೆಮನಿ ಎಂಬ ಸ್ಥಳವನ್ನು ಹೆಸರಿಸುತ್ತಾರೆಯೇ ಹೊರತು ತೋಟವೆನ್ನುವುದಿಲ್ಲ. ಲೂಕನು ಓಲಿವ್ ಗುಡ್ಡವೆನ್ನುತ್ತಾನೆ. ‘ಯಾತನೆ’ ಎಂಬ ಪದ ಬರುವುದು ಅವನಲ್ಲಿ (22:44). ಆ ಪದವಿರುವ ವಾಕ್ಯವೂ ಅದರ ಹಿಂದಿನದೂ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದು ಪಾಠವಿಮರ್ಶಕರಿಗೆ ತಿಳಿದ ವಿಷಯ. ತೋಟವೆಂದು ಕರೆಯುವವನು ಯೊವಾನ್ನನೊಬ್ಬನೇ (18:1). ಆದರೆ ಆ ರಾತ್ರಿಯ ಪ್ರಾರ್ಥನೆಯನ್ನು ಅವನು ವರ್ಣಿಸುವುದಿಲ್ಲ. ನಾಲ್ವರ ನಿರೂಪಣೆಗಳನ್ನು ಭಕ್ತಪರಂಪರೆ ಒಂದೇ ಚಿತ್ರವಾಗಿ ಹೆಣೆದಿದೆ. ಗೆತ್ಸೆಮನಿ ಎಂಬ ಹೆಸರಿಗೆ ಎಣ್ಣೆಯ ಗಾಣವೆಂಬ ಅರ್ಥವಿದ್ದು, ಹಿಂಡಲ್ಪಡುವ ಕಾಯಿಯ ಭಾವವೂ ಈ ಚಿತ್ರದೊಳಗೆ ಸೇರಿಕೊಳ್ಳುತ್ತದೆ.

ಈ ಚಿತ್ರದ ನಡುವೆ ಇರುವುದು ಪಾತ್ರೆ. ಅದು ತನ್ನಿಂದ ತೊಲಗಲಿ ಎಂದು ಯೇಸು ಬೇಡುತ್ತಾನೆ. ಪಾತ್ರೆ ಎಂದರೆ ಸಂಕಟ ಎಂದು ಹೇಳಿಬಿಟ್ಟರೆ ಪ್ರತೀಕ ಅಲ್ಲಿಗೇ ಮುಗಿಯುತ್ತದೆ. ಹತ್ತು ಮಣಿಗಳ ಕಾಲ ಅದರ ಮುಂದೆ ನಿಲ್ಲುವವನಿಗೆ ಬೇರೆ ಪಾತ್ರೆಗಳು ಒಂದೊಂದಾಗಿ ನೆನಪಾಗುತ್ತವೆ. ಯೆಶಾಯ, ಯೆರೆಮೀಯ ಪ್ರವಾದಿಗಳಲ್ಲಿ ಅದು ದೈವಕೋಪದ ಪಾತ್ರೆ. 116ನೆಯ ಕೀರ್ತನೆಯಲ್ಲಿ ರಕ್ಷಣೆಯ ಪಾತ್ರೆ. ಅದೇ ರಾತ್ರಿಯ ಭೋಜನದಲ್ಲಿ ಯೇಸು ಶಿಷ್ಯರಿಗೆ ನೀಡಿದುದೂ ಪಾತ್ರೆಯೇ. ಅದಕ್ಕೂ ಮೊದಲು, ತಾನು ಕುಡಿಯಲಿರುವ ಪಾತ್ರೆಯಿಂದ ಕುಡಿಯಬಲ್ಲಿರಾ ಎಂದು ಜೆಬೆದಾಯನ ಮಕ್ಕಳಿಬ್ಬರನ್ನು ಅವನು ಕೇಳಿದ್ದಾನೆ. ಅವರು ಬಲ್ಲೆವೆಂದಿದ್ದಾರೆ (ಮತ್ತಾಯ 20:22). ಅವರಿಬ್ಬರೂ ತೋಟದಲ್ಲಿ ಅವನ ಜೊತೆಗಿದ್ದಾರೆ, ನಿದ್ರಿಸುತ್ತಿದ್ದಾರೆ. ಕನ್ನಡದಲ್ಲಿ ‘ಪಾತ್ರೆ’ಯ ಪಕ್ಕದಲ್ಲಿಯೇ ‘ಪಾತ್ರ’ ಎಂಬ ಪದವೂ ಇದ್ದು, ಕೃಪೆಗೆ ಪಾತ್ರನಾಗುವುದೆಂದರೆ ಅದನ್ನು ಪಡೆಯಲು ತಕ್ಕವನಾಗುವುದು. ಕನ್ನಡದಲ್ಲಿ ಧ್ಯಾನಿಸುವವನಿಗೆ ಈ ನಂಟು ಭಾಷೆಯಿಂದಲೇ ದೊರೆತ ಕೊಡುಗೆ.

ತೋಟದ ಪ್ರತೀಕವೂ ಹೀಗೆಯೇ ವಿಸ್ತರಿಸುತ್ತದೆ. ಯೊವಾನ್ನನಲ್ಲಿ ಯೇಸು ಸೆರೆಯಾಗುವುದು ತೋಟದಲ್ಲಿ, ಸಮಾಧಿಯಾಗುವುದು ತೋಟದಲ್ಲಿ (19:41). ಪುನರುತ್ಥಾನಗೊಂಡ ಅವನನ್ನು ಮಗ್ದಲದ ಮರಿಯಳು ತೋಟಗಾರನೆಂದು ಭಾವಿಸುತ್ತಾಳೆ (20:15). ಇವುಗಳ ಹಿಂದೆ ಏದೆನ್ ತೋಟವಿದೆ. ದುಃಖದ ರಹಸ್ಯದಲ್ಲಿ ಕಂಡ ತೋಟ ಮಹಿಮೆಯ ರಹಸ್ಯದಲ್ಲಿ ಮತ್ತೆ ಎದುರಾದಾಗ ಅದು ಹಳೆಯ ತೋಟವೂ ಹೌದು, ಹೊಸದೂ ಹೌದು.

4

ಈ ಕ್ರಮವನ್ನು ಭಾರತೀಯ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ನೋಡಬಹುದಾಗಿದೆ. 9ನೆಯ ಶತಮಾನದ ಆನಂದವರ್ಧನನು ನಿರೂಪಿಸಿದ ಧ್ವನಿಯ ಒಂದು ಬಗೆಯಲ್ಲಿ ವಾಚ್ಯಾರ್ಥ ಅಳಿಯುವುದಿಲ್ಲ. ಅದು ಉಳಿದುಕೊಂಡೇ ಬೇರೊಂದನ್ನು ಹೊಳೆಯಿಸುತ್ತದೆ. ಗೆತ್ಸೆಮನಿಯ ಪಾತ್ರೆಯೂ ಕೊನೆಯವರೆಗೆ ಪಾತ್ರೆಯಾಗಿಯೇ ಉಳಿಯುತ್ತದೆ. ಸಾಧನೆಯ ದೃಷ್ಟಿಯಿಂದ ನೋಡಿದರೆ, 12ನೆಯ ಶತಮಾನದ ಎರಡನೆಯ ಗಿಗೊ ಎಂಬ ಸನ್ಯಾಸಿ ಪಠನ, ಮನನ, ಪ್ರಾರ್ಥನೆ, ದರ್ಶನ ಎಂಬ ನಾಲ್ಕು ಮೆಟ್ಟಿಲುಗಳ ಏಣಿಯನ್ನು ವಿವರಿಸಿದ್ದಾನೆ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ವೇದಾಂತದ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಎರಡೂ ಒಂದೇ ಎಂದಲ್ಲ; ಗಿಗೊನ ಏಣಿಯಲ್ಲಿ ಪ್ರಾರ್ಥನೆ, ಅಂದರೆ ಇನ್ನೊಬ್ಬನನ್ನು ಕರೆದು ಬೇಡುವುದು, ಒಂದು ಪ್ರತ್ಯೇಕ ಮೆಟ್ಟಿಲು. ಅಕ್ಷರ ಬಾರದವರಿಗೂ ಆ ಏಣಿಯನ್ನು ಏರುವ ದಾರಿ ಮಾಡಿಕೊಟ್ಟುದು ಜಪಸರದ ಹಿರಿಮೆ.

5

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಬಡಬಡಿಸಬೇಡಿರೆಂದು ಎಚ್ಚರಿಸಿದ ಬೆನ್ನಿಗೇ ಯೇಸು ಶಿಷ್ಯರಿಗೆ ಒಂದು ಪ್ರಾರ್ಥನೆಯನ್ನು ಕಲಿಸುತ್ತಾನೆ. ದೇವರ ಚಿತ್ತ ನೆರವೇರಲಿ ಎಂಬ ಕೋರಿಕೆ ಅದರಲ್ಲಿದೆ (6:10). ತೋಟದಲ್ಲಿ ಎರಡನೆಯ ಸಲ ಪ್ರಾರ್ಥಿಸುವಾಗ ಯೇಸು ಆಡುವುದು ಅದೇ ಮಾತನ್ನು (26:42); ಮತ್ತಾಯನ ಗ್ರೀಕ್ ಮೂಲದಲ್ಲಿ ಎರಡೂ ಕಡೆ ಅಕ್ಷರಶಃ ಒಂದೇ ಪದಗಳಿವೆ. ಅಲ್ಲದೆ ಮೂರನೆಯ ಸಲವೂ ಅವನು ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದನೆಂದು ಮತ್ತಾಯ ಸ್ಪಷ್ಟವಾಗಿ ದಾಖಲಿಸುತ್ತಾನೆ (26:44). ಅಂದರೆ ಪುನರುಕ್ತಿಯನ್ನು ನಿಷೇಧಿಸಿದಂತೆ ತೋರುವ ಗ್ರಂಥದಲ್ಲಿಯೇ ಪುನರುಕ್ತಿಯ ಪ್ರಾರ್ಥನೆಯಿದೆ. ಎಚ್ಚರಿಕೆ ಇರುವುದು ಮಾತನ್ನು ಮರಳಿ ಹೇಳುವುದರ ಬಗೆಗಲ್ಲ, ಮಾತಿನ ಮೊತ್ತದಿಂದ ದೇವರನ್ನು ಒಲಿಸಬಹುದೆಂಬ ಎಣಿಕೆಯ ಬಗೆಗೆ. ಮೊದಲ ದುಃಖರಹಸ್ಯದ ದೊಡ್ಡ ಮಣಿಯನ್ನು ಹಿಡಿದವನು ನುಡಿಯುವುದು ಯೇಸು ಆ ರಾತ್ರಿ ನುಡಿದ ಮಾತನ್ನೇ. ಅಲ್ಲಿ ಪ್ರಾರ್ಥನೆ ಮತ್ತು ಪ್ರಾರ್ಥನೆಯ ವಸ್ತು ಒಂದಾಗಿವೆ.

ಆದರೂ ಮಣಿ ಉರುಳುತ್ತಿರುವಾಗ ಮನಸ್ಸು ಬೇರೆಡೆಗೆ ಸರಿಯುತ್ತದೆ ಎಂಬುದು ಸುಳ್ಳಲ್ಲ. ಶರಣರ ಅನುಮಾನಕ್ಕೆ ಇರುವ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಈ ರಹಸ್ಯದಲ್ಲಿ ಅಂಥವನಿಗೂ ಒಂದು ಸ್ಥಾನವಿದೆ. ಪಾತ್ರೆಯಿಂದ ಕುಡಿಯಬಲ್ಲೆವೆಂದು ಹೇಳಿ ನಿದ್ರೆಹೋದವರ ಬಳಿಗೆ ಯೇಸು ಮೂರು ಸಲ ಬರುತ್ತಾನೆ. ಕೊನೆಯ ಸಲ ಏಳಿರಿ, ಹೋಗೋಣವೆಂದು ಅವರನ್ನು ಜೊತೆಗೇ ಕರೆಯುತ್ತಾನೆ. ಜಪಸರದ ಮುಂದಿನ ಮಣಿ ಮಾಡುವ ಕೆಲಸವೂ ಬಹುಶಃ ಇಷ್ಟೇ: ತೂಕಡಿಸಿದವನನ್ನು ಮತ್ತೊಮ್ಮೆ ಎಬ್ಬಿಸಿ ತೋಟದೊಳಕ್ಕೆ ಕರೆತರುವುದು.